ಎಳೆಯುವ ಕಡೆ

ಸುಮ್ಮನೆ ನಿಂತಾಗಲೇ ಅದಕ್ಕೆ ಸಂಕಟ.
ಓಡುವಾಗ ಏನೂ ಇಲ್ಲ. ಮುಂಡರಗಿಯ ವಾಷಿಂಗ್ ಯೂನಿಟ್ಟಿಗೆ
ಒಂಬೈನೂರು ಪ್ಯಾಂಟು ಹೇರಿಕೊಂಡು
ಏರಿನಲ್ಲೂ ಗೊಣಗದೆ ಹೋಗುತ್ತದೆ.
ಸಿಗ್ನಲ್ಲಿನಲ್ಲಿ ನಿಲ್ಲಿಸಿದೆನೋ
ಉಸಿರು ಮೇಲಕ್ಕೆ, ಉಸಿರು ಕೆಳಕ್ಕೆ,
ಡ್ಯಾಶ್‌ಬೋರ್ಡಿನ ಮೇಲೆ ಗುಂಡಿಗಳ ಡಬ್ಬಿ ಗಿಲಗಿಲ,
ಆಮೇಲೆ ಒಂದು ಬಿಕ್ಕು.
ಹಿಂದಿನ ಆಟೋದವನ ಬೈಗುಳ.

ಹದಿನೇಳು ವರ್ಷದ ಪಿಕಪ್ಪು. ಮುಪ್ಪು ಅಂದುಕೊಂಡೆ.
ಆಮೇಲೆ ಮೈಲೇಜು ಇಳಿಯಿತು, ಮುಪ್ಪು ಅನ್ನುವುದು ಬಿಟ್ಟೆ.
ಸೀಮೆಎಣ್ಣೆ ಬೆರೆಸಿದ್ದೀರಿ ಎಂದು ಬಂಕಿನವರ ಮೇಲೆ ಕೂಗಾಡಿದೆ.
ಅವರು ನಕ್ಕರು.
ಉಳಿದವನು ಹುಲುಗಪ್ಪ.
ಟ್ಯಾಂಕಿನ ಮುಚ್ಚಳದ ಕೀಲಿ ಅವನ ಉಡಿದಾರದಲ್ಲಿತ್ತು.

"ಅಕ್ಕಾ, ಗಾಡಿ ಎಲ್ಲೋ ಗಾಳಿ ಕುಡಿಯಾಕತ್ತೈತೆ" ಅಂದಿದ್ದ.
ಗಾಳಿಯ ಲೆಕ್ಕ ನನಗೆ ಹೇಳಬೇಡ, ಡೀಸೆಲ್ಲಿನ ಲೆಕ್ಕ ಹೇಳು ಅಂದೆ.
ಅವನು ಕೀಲಿ ಬಿಚ್ಚಿ ಕಟಿಂಗ್ ಟೇಬಲ್ಲಿನ ಮೇಲಿಟ್ಟ,
ಬಟ್ಟೆಯ ಮೇಲೆ, ಸದ್ದಾಗದ ಹಾಗೆ.

ಮೂರು ವಾರದಿಂದ ನಾನೇ ಓಡಿಸುತ್ತಿದ್ದೇನೆ.
ಕದಿಯುವವರಿಲ್ಲ. ಬಿಕ್ಕು ಹಾಗೇ ಇದೆ.

ಕೌಲ್ ಬಜಾರಿನಲ್ಲಿ ಹೊನ್ನೂರಸಾಬನಿಗೆ
ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ಅರ್ಧ.
ಉದ್ದನೆಯ ಸ್ಕ್ರೂಡ್ರೈವರಿನ ತುದಿ ಪಂಪಿಗೆ ಆನಿಸಿ
ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ ಕಣ್ಣು ಮುಚ್ಚುತ್ತಾನೆ.
ನಾಲ್ಕು ಇಂಜೆಕ್ಟರಿನ ಮಾತನ್ನೂ ದವಡೆಯಲ್ಲಿ ಕೇಳಿಸಿಕೊಂಡ.
"ಇವು ಸುಳ್ಳು ಹೇಳಾಂಗಿಲ್ಲ."
ಫಿಲ್ಟರಿನ ತಳ ಬಿಚ್ಚಿದ. ಬಟ್ಟಲಷ್ಟು ನೀರು, ಕೆಂಪು ಮಣ್ಣು.
ಚೆಲ್ಲಿದ, ಕೈಪಂಪು ಒತ್ತಿದ, ಚಾಲೂ ಮಾಡಿದ.
ಐದು ನಿಮಿಷ ಸುಖ.
ಮತ್ತೆ ಮೇಲಕ್ಕೆ, ಮತ್ತೆ ಕೆಳಕ್ಕೆ.

ಸ್ಲೋ ಸ್ವಲ್ಪ ಏರಿಸಿಬಿಡು, ಲೋಡು ಕಾಯುತ್ತಿದೆ ಅಂದೆ.
"ಜ್ವರ ಬಂದೋನಿಗೆ ಫ್ಯಾನ್ ಹಾಕಿ ಕಳಿಸ್ದಂಗ ಆಗ್ತೈತಮ್ಮಾ."

ಆಸ್ಪತ್ರೆಯ ಸಲೈನ್ ಪೈಪು, ಒಂದು ಗೇಣು,
ಪಂಪಿನ ಬಾಯಿಗೆ ಸಿಕ್ಕಿಸಿದ.
ಈಗ ಎಲ್ಲ ಕಾಣುತ್ತದೆ:
ಜೇನಿನ ಬಣ್ಣದ ಡೀಸೆಲ್ಲಿನಲ್ಲಿ
ಸಾಸಿವೆಯಷ್ಟು ಗುಳ್ಳೆ, ಹಿಂದೆ ಇನ್ನೊಂದು,
ಹಿಂದೆ ಒಂದು ಮೆರವಣಿಗೆ.
ಒಂದೊಂದು ಗುಂಪು ಒಳಗೆ ಹೋದಾಗಲೂ ಇಂಜಿನ್ನು ತೊದಲುತ್ತಿತ್ತು.

ತೊಟ್ಟಿಕ್ಕಿದ್ದರೆ ನೆಲದ ಮೇಲೆ ಕಲೆ ಇರಬೇಕಲ್ಲ, ಕೇಳಿದೆ.
ಪೈಪಿನ ಜಾಡು ಹಿಡಿದು ಟ್ಯಾಂಕಿನ ಕಡೆಗೆ
ಕೈ ಬಿಡುತ್ತಾ ಬಿಡುತ್ತಾ ಹೇಳಿದ:
"ಇದು ಎಳೆಯೋ ಕಡೆ. ಇಲ್ಲಿ ಒಡೆದರೆ
ಹೊರಗ ಹನಿ ಬೀಳಾಂಗಿಲ್ಲ. ಒಳಗ ಗಾಳಿ ಹೋಗ್ತೈತೆ."

ಚಾಸಿಯ ಕೆಳಗಿಂದ ಅವನ ಬೆರಳಿಗೆ ಸುತ್ತಿಕೊಂಡು ಬಂದದ್ದು
ದಾರ.
ಕಿತ್ತಳೆ ದಾರ, ದಪ್ಪ ನಂಬರಿನದು,
ನಮ್ಮ ಜೀನ್ಸಿನ ಜೇಬಿಗೆ ಹಾಕುವುದು.

ಸಿರುಗುಪ್ಪ ರಸ್ತೆ, ಯುಗಾದಿಯ ಹಿಂದಿನ ರಾತ್ರಿ.
ಪೈಪು ಸೀಳಿತ್ತು. ನಾನೇ ಕೆಳಗೆ ತೂರಿ
ಮೇಣ ಸವರಿ ಹದಿನಾಲ್ಕು ಸುತ್ತು ಸುತ್ತಿದ್ದೆ.
ಮೊಬೈಲಿನ ಬೆಳಕು ಹಿಡಿದವನು ಹುಲುಗಪ್ಪ.
"ನಾಳೆ ಬದಲಿಸಾಮು ಅಕ್ಕಾ" ಅಂದಿದ್ದ.
ಈ ಲೋಡು ಮುಗಿಯಲಿ, ಅಂದಿದ್ದೆ.

ಹೊನ್ನೂರಸಾಬ ದಾರವನ್ನು ನೋಡಿದ, ನನ್ನ ನೀಲಿ ಉಗುರು ನೋಡಿದ,
ಏನೂ ಕೇಳಲಿಲ್ಲ. ಅರ್ಧ ಕಿವಿಗೂ ಅಷ್ಟು ಸಾಕು.
ಪೈಪು ನೂರಾ ಎಂಬತ್ತು, ಕ್ಲಿಪ್ಪು ಎರಡು, ಕೂಲಿ ಕೊಟ್ಟಷ್ಟು.

ಗುಗ್ಗರಹಟ್ಟಿಯ ಓಣಿಯಲ್ಲಿ ಗಾಡಿ ನಿಲ್ಲಿಸಿದೆ.
ಇಳಿಯಲಿಲ್ಲ. ಹಾರ್ನು ಮಾಡಲಿಲ್ಲ.
ಇಂಜಿನ್ನು ಆರಿಸಲೂ ಇಲ್ಲ. ಒಂದೇ ಸಮ,
ಒಳ್ಳೆಯ ಮಿಷನ್ನು ನೇರ ಹೊಲಿಗೆ ಹಾಕಿದ ಹಾಗೆ.

ಅವನು ಬಂದ. ಕೈಯಲ್ಲಿ ಅರ್ಧ ಮಂಡಾಳ ಒಗ್ಗರಣೆಯ ತಟ್ಟೆ.
ನನ್ನನ್ನಲ್ಲ, ಬಾನೆಟ್ಟನ್ನು ನೋಡಿದ.
ತಲೆ ವಾರೆ ಮಾಡಿ ಬಹಳ ಹೊತ್ತು ಕೇಳಿದ,
ಇನ್ನೂ ಒಂದು ಗುಳ್ಳೆ ಎಲ್ಲೋ ಉಳಿದಿದೆಯೇನೋ ಅನ್ನುವಂತೆ.

"ಎಲ್ಲಿತ್ತು?"
ನಾನು ಕಟ್ಟಿದಲ್ಲಿ.
ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ.
ಒಂದು ತುತ್ತು ಜಗಿದ.

"ಸುಮ್ನೆ ಡೀಸೆಲ್ ಸುಡ್ತೈತೆ" ಅಂದ,
"ಬಂದ್ ಮಾಡ್ರಿ ಅಕ್ಕಾ."