ಉಪ್ಪಿನ ಇನ್ನರ್ಧ

ಲ್ಯಾಬಿನ ಫ್ರಿಜ್ಜಿಗೆ ಬೀಗ ಹಾಕುವ ಹೊತ್ತಿಗೆ ಸರಿಯಾಗಿ
ಫಾಲಾಕ್ಷಪ್ಪ ಬಂದ, ಖಾಕಿಯಲ್ಲೇ,
ಹೆಗಲ ಮೇಲೆ ನಾಯಿ, ಕಂಕುಳಲ್ಲಿ ಟಿಕೆಟ್ ಚೀಲ.
ಶಿವಮೊಗ್ಗ–ಸಾಗರ ಖಾಸಗಿ ಬಸ್ಸು, ದಿನಕ್ಕೆ ಮೂರು ಟ್ರಿಪ್ಪು.
ನಾಯಿಯ ಹೆಸರು ಚಿಲ್ರೆ.
"ಬೇಕಾದಾಗ ಕೈಗೆ ಸಿಗಲ್ಲ ಮೇಡಂ, ಅದಕ್ಕೇ."

ಮೂರು ದಿನದಿಂದ ವಾಂತಿ.
ಮೊದಲು ಅನ್ನ, ಆಮೇಲೆ ನೊರೆ ನೀರು,
ಈಗ ಬರೀ ಸದ್ದು.
ಡಾಕ್ಟರ್ ನಫೀಸಾ ಮುಂಗಾಲಿನ ಕೂದಲು ಬೋಳಿಸಿ
ಎರಡು ಮಿಲಿ ರಕ್ತ ನನ್ನ ಕೈಗಿಟ್ಟರು.
ಸಣ್ಣ ನಳಿಕೆ, ಇನ್ನೂ ಬೆಚ್ಚಗೆ.

ಯಂತ್ರ ಕೆಮ್ಮಿ ಚೀಟಿ ಉಗುಳಿತು.
ಸೋಡಿಯಂ ತುಸು ಇಳಿದಿದೆ.
ಪೊಟ್ಯಾಸಿಯಂ ಅಂಚಿನಲ್ಲಿ.
ಕ್ಲೋರೈಡ್ ಎಂಬತ್ತೆಂಟು,
ನೂರು ದಾಟಿರಬೇಕಾದ್ದು.

ಹನ್ನೊಂದು ವರ್ಷದಿಂದ ಈ ಚೀಟಿ ಹರಿದು ಕೊಡುತ್ತಿದ್ದೇನೆ,
ಮೂರನೆಯ ಸಾಲು ಏನೆಂದು ಕೇಳಿದವರಿಲ್ಲ.
ಉಪ್ಪು ಅಂದರೆ ಸೋಡಿಯಂ,
ಪೇಪರಿನಲ್ಲೂ, ಬಿಪಿ ಡಾಕ್ಟರ ಬಾಯಲ್ಲೂ.
ಇನ್ನರ್ಧ, ಮದುವೆ ಕಾಗದದ ಕೊನೆಯಲ್ಲಿ
"ಮತ್ತು ಬಂಧುಮಿತ್ರರು" ಅಂತ ಇರುತ್ತದಲ್ಲ,
ಹಾಗೆ.

"ಊಟಕ್ಕೆ ಏನು ಹಾಕ್ತೀರಿ?"
"ನಾನು ಉಣ್ಣೋದೇ. ಬಸಿದ ಅನ್ನ, ಸಪ್ಪೆ ಬೇಳೆ, ಭಾನುವಾರ ಒಂದು ಮೊಟ್ಟೆ.
ಬಿಪಿ ಬಂದ ದಿನ ಉಪ್ಪಿನ ಡಬ್ಬಿ ಓನರಮ್ಮಂಗೆ ಕೊಟ್ಬಿಟ್ಟೆ.
ನಾಯಿಗೂ ಉಪ್ಪು ಹಾಕಿದ್ರೆ ಕೂದ್ಲು ಉದುರುತ್ತೆ ಅಂತಾರಲ್ಲ,
ಇಬ್ರಿಗೂ ಒಂದೇ ಪಾತ್ರೆ ಆತು."
ಆಮೇಲೆ, ಸ್ವಲ್ಪ ಜಂಬದಲ್ಲೇ:
"ಎಂಟು ತಿಂಗ್ಳಿಂದ ನನ್ ಮೇಲೆ ಪ್ರೀತಿ ಜಾಸ್ತಿ ಆಗೈತೆ.
ಡ್ಯೂಟಿ ಮುಗಿಸಿ ಹೋದ್ರೆ ಮೊಣಕಾಲು, ಹಿಮ್ಮಡಿ, ಕತ್ತು,
ನೆಕ್ಕಿದ್ದೇ ನೆಕ್ಕಿದ್ದು."

ನಾನು ಡಾಕ್ಟರ ಮುಖ ನೋಡಿದೆ.
ಅವರು ಸಲೈನ್ ಬಾಟಲಿ ನೋಡಿದರು.

ಆಯನೂರಿನ ತಿರುವು, ಆನಂದಪುರದ ರಶ್ಶು,
ಬಾಗಿಲಿಗೆ ನೇತುಬಿದ್ದು ಇಡೀ ದಿನ ಬೆವರಿದ ಮೈ.
ಗಾಡಿಕೊಪ್ಪದ ಆ ಒಂದು ರೂಮಿನಲ್ಲಿ ಉಳಿದಿದ್ದ
ಒಂದೇ ಉಪ್ಪಿನ ಡಬ್ಬಿ
ಈ ಮನುಷ್ಯನ ಚರ್ಮ.

ಡಾಕ್ಟರ್ ಅದನ್ನು ಹೇಳಲಿಲ್ಲ. ಬೇರೆ ಹೇಳಿದರು:
"ಹೊಟ್ಟೆಯ ಹುಳಿಯಲ್ಲಿ ಅರ್ಧ ಇದೇ. ಇದಿಲ್ಲದೆ ಮೊಟ್ಟೆಯೂ ಕಲ್ಲು.
ವಾಂತಿಯಾದಷ್ಟೂ ಇದೇ ಸೋರೋದು.
ರಕ್ತದ ಕಣದಲ್ಲೂ ಅಷ್ಟೆ, ನಿಮ್ಮ ಬಸ್ಸಿನ ಹಾಗೆ,
ಒಳಗಿಂದ ಒಬ್ಬ ಇಳಿದರೆ ಹೊರಗಿಂದ ಒಬ್ಬ ಹತ್ತಬೇಕು.
ಹತ್ತೋನೇ ಸ್ಟಾಪಲ್ಲಿ ಇಲ್ಲದಿದ್ದರೆ?"
"ರೈಟ್ ಅನ್ನಂಗಿಲ್ಲ," ಅಂದ ಫಾಲಾಕ್ಷಪ್ಪ,
ಯೋಚಿಸದೆ, ಡ್ಯೂಟಿಯ ದನಿಯಲ್ಲಿ.

ರಾತ್ರಿಯೆಲ್ಲ ಹನಿ ಇಳಿಯಿತು.
ಮೆಟ್ಟಿಲ ಮೇಲೆ ನಮ್ಮ ಕ್ಲಿನಿಕ್ಕಿನ ಬೆಕ್ಕು
ತಲೆಯಿಂದ ಶುರು ಮಾಡಿ ಇಲಿ ಮುಗಿಸುತ್ತಿತ್ತು.
ಅದಕ್ಕೆ ಯಾರೂ ಒಗ್ಗರಣೆ ಹಾಕಿದ್ದಿಲ್ಲ;
ಇಲಿಯ ರಕ್ತದಲ್ಲಿ ಇಲಿಯ ಉಪ್ಪು, ಅಳತೆ ತಪ್ಪದೆ.
ಬೇಯಿಸಿ, ಬಸಿದು, ತಿಳಿ ಚೆಲ್ಲುವವರು ನಾವು,
ಆಮೇಲೆ ನಾಯಿಗೆ ಉಪ್ಪಿನ ಋಣ ಕಲಿಸುವವರೂ ನಾವೇ.

ಬೆಂಚಿನ ಮೇಲೆ ಅವನು ಕೂತೇ ನಿದ್ದೆ ಮಾಡಿದ.
ಚಿಲ್ರೆ ಕಣ್ಣು ಬಿಟ್ಟುಕೊಂಡು ಅವನ ಕೈ ಜೋತುಬಿದ್ದ ಕಡೆಗೇ
ಮೂತಿ ಚಾಚಿತ್ತು. ಸೂಜಿಯ ಕಾಲು ಎಳೆಯಬೇಡ ಅಂತ
ಎರಡು ಸಲ ಎದ್ದು ಸರಿಸಿದೆ.

ನಾಲ್ಕನೆಯ ದಿನ ನೂರಾ ಏಳು.
ನಾಯಿಯ ತೂಕಕ್ಕೆ ಎಷ್ಟೋ ಅಷ್ಟೇ ಉಪ್ಪನ್ನು
ಲ್ಯಾಬಿನ ತಕ್ಕಡಿಯಲ್ಲಿ ತೂಗಿ ಪೊಟ್ಟಣ ಕಟ್ಟಿದೆ,
ಕಾಗದ ಮುಗಿದು ಎರಡಕ್ಕೆ ಅವನದೇ ಹಳೆ ಟಿಕೆಟ್ಟು.
"ನಿಮ್ಮ ತಟ್ಟೆ ಬೇರೆ, ಅದರ ತಟ್ಟೆ ಬೇರೆ," ಅಂದರು ಡಾಕ್ಟರ್.
ಅದಕ್ಕೆ ಮಾತ್ರ ಅವನ ಮುಖ ಸಣ್ಣದಾಯಿತು.

ತಿಂಗಳ ಮೇಲೆ ಒಬ್ಬನೇ ಬಂದ.
"ತಿಂತದೆ, ಓಡ್ತದೆ. ನೆಕ್ಕೋದು ನಿಂತೈತೆ."
ಚೀಲದ ಜಿಪ್ಪು ಎಳೆದ, ಮುಚ್ಚಿದ, ಎಳೆದ.
"ಒಂದೇ ಸಲ ಮೇಡಂ, ನಾನು ಬಾಗ್ಲು ತೆಗೆದ ಕೂಡ್ಲೆ,
ಕೈ ಮೇಲೆ, ಹಿಂಗೆ, ಒಂದೇ ಸಲ.
ಅದು ಇನ್ನೂ ಕಮ್ಮಿ ಐತೆ ಅಂತಾನಾ?"

ಡಾಕ್ಟರ್ ರಜೆಯಲ್ಲಿದ್ದರು.
ಫೈಲು ತೆಗೆದು ಮೂರನೆಯ ಸಾಲಿನ ಮೇಲೆ ಬೆರಳಿಟ್ಟೆ.
"ಇಲ್ಲ," ಅಂದೆ,
"ನೂರಾ ಏಳು."