ಹ್ಯಾಂಡಲು ಕಚ್ಚುವ ನಟ್ಟು

ಆಲೂರಿನಿಂದ ಟೆಂಪೋ ಮೇಲೆ, ಹಗ್ಗ ಬಿಗಿಸಿಕೊಂಡು ಬಂತು
ಮೂವತ್ತೆಂಟನೇ ಇಸವಿಯ ಮಾರಿಸ್.
ಹಾಸನದ ಕಟ್ಟಿನಕೆರೆ ಹಿಂದಿನ ನನ್ನ ಲೇತಿಗೆ
ಅಲ್ಲಿಯ ತನಕ ಬರುತ್ತಿದ್ದುದು ಟಿಲ್ಲರಿನ ಶಾಫ್ಟು,
ಪಂಪಿನ ಬುಷ್ಷು, ಹಿಟ್ಟಿನ ಗಿರಣಿಯ ಪುಲ್ಲಿ.

ನಾವು ಅಕ್ಕಸಾಲಿಗಳು. ತಾತ ಗುಲಗಂಜಿಯಲ್ಲಿ ತೂಗಿದ,
ನಾನು ಥೌ ಲೆಕ್ಕದಲ್ಲಿ ಕಡೆಯುತ್ತೇನೆ.
ಬೆಂಕಿ ಹೋಯಿತು, ಕರೆಂಟು ಬಂತು, ಸಂಶಯ ಅದೇ:
ಉಜ್ಜಿ ನೋಡುವ ತನಕ
ಯಾವ ಲೋಹವೂ ಬಾಯಿ ಬಿಡುವುದಿಲ್ಲ.

ಜೊತೆಗೆ ಬಂದವರು ಪುಟ್ಟತಾಯಮ್ಮ, ಎಪ್ಪತ್ತು ದಾಟಿದವರು.
ಬಾನೆಟ್ಟಿನ ಪಕ್ಕ ಛತ್ರಿ ಊರಿ ನಿಂತು
"ಒಂದ್ಸಲ ಓಡ್ಬೇಕು ಆಚಾರ್ರೇ, ದೂರ ಏನಿಲ್ಲ" ಅಂದರು.

ಬಿಚ್ಚಿದೆ.
ಸೀಟಿನ ಸ್ಪ್ರಿಂಗಿನೊಳಗೆ ಇಲಿಗೂಡು,
ಗೂಡಿನ ತುಂಬ ಔಷಧಿ ಚೀಟಿಯ ಚೂರು.
ಬಾಗಿಲ ಕಂಬದಲ್ಲಿ ಮಡಚಿ ಮಲಗಿದ್ದ
ತಿರುವು ತೋರುವ ಕೆಂಪು ಕೈ
ಎಣ್ಣೆ ಬಿಟ್ಟು ಬ್ಯಾಟರಿ ಕೊಟ್ಟೊಡನೆ ಎದ್ದು
ತಾನಿನ್ನೂ ಎಡಕ್ಕೇ ಹೋಗಬೇಕೆಂದಿತು.

ಗೇರುಪೆಟ್ಟಿಗೆ ತೆರೆದವನು ಸುಮ್ಮನಾದೆ.
ಒಂದೊಂದು ಹಲ್ಲೂ ಹಾಲುಹಲ್ಲು.
ಮೀಟರು ಆರು ಸಾವಿರ ಚಿಲ್ಲರೆ ಮೈಲಿಗೆ ನಿಂತಿದೆ,
ಅದೇನೋ ಸರಿ ಅನ್ನೋಣ.
ಆದರೆ ಮುಂದೆ, ಹ್ಯಾಂಡಲು ಹೋಗಿ ಕಚ್ಚುವ ನಟ್ಟು,
ಅದು ಸವೆದು ಸವೆದು
ಎಲೆಯಡಿಕೆ ಕುಟ್ಟಿ ತಿನ್ನುವ ಮುದುಕನ ವಸಡಾಗಿತ್ತು.
ಸಾವಿರಾರು ಸಲ ಎಬ್ಬಿಸಿದ್ದಾರೆ ಇದನ್ನು.
ಎಲ್ಲಿಗೂ ಕರೆದೊಯ್ದಿಲ್ಲ.

ಕೇಳಿದೆ.

ಅಪ್ಪ ತೋಟದಾಸ್ಪತ್ರೆಯ ಕಂಪೌಂಡರು.
ಯುದ್ಧ ಬಂತು, ದೊರೆ ಡಾಕ್ಟರು ಹೊರಟರು,
ಎರಡು ವರ್ಷದ ಸಂಬಳದ ಬಾಕಿಗೆ
ಕೀಲಿಕೈ ಕೊಟ್ಟು ಹಡಗು ಹತ್ತಿದರು.
ಆ ರಾತ್ರಿ ಬುಡ್ಡಿ ದೀಪದಲ್ಲಿ ಅಪ್ಪನ ಲೆಕ್ಕ:
ಕಾರಿನ ಬೆಲೆಯಲ್ಲಿ ತನ್ನ ಬಾಕಿ ಕಳೆದರೆ
ಮುನ್ನೂರ ಅರವತ್ತು ರೂಪಾಯಿ ಹೆಚ್ಚು.
ಕಾಗದ ಬರೆದರು, ಹೆಚ್ಚಿನದು ಎಲ್ಲಿಗೆ ಕಳಿಸಲಿ?
ಮತ್ತೆ ಬರೆದರು. ಮೂರನೆಯದು ಮುದ್ರೆ ಬಿದ್ದು ವಾಪಸು ಬಂತು.
"ಅಂದ್ಮೇಲೆ ಪೂರ್ತಿ ನಂದಲ್ಲ" ಅಂದರಂತೆ,
ಕೀಲಿಕೈ ಮೊಳೆಗೆ ಹಾಕಿದರಂತೆ.

ಕೇಳಿಕೊಂಡು ಬಂದರೆ ಕೆಟ್ಟು ನಿಂತಿರಬಾರದಲ್ಲ.
ಅದಕ್ಕೇ ಪ್ರತಿ ಭಾನುವಾರ ಪಂಚೆ ಎತ್ತಿ ಕಟ್ಟಿ,
ಹೆಬ್ಬೆರಳನ್ನು ಉಳಿದ ಬೆರಳ ಸಾಲಿಗೇ ಇಟ್ಟು
ಮೇಲಕ್ಕೆ ಒಂದೇ ಎಳೆತ.
ಸುತ್ತಿ ಹಿಡಿದರೆ ಎಂಜಿನು ಒದೆಯುತ್ತದೆ;
ಮೊದಲ ವರ್ಷವೇ ಒದ್ದು, ಆ ಬೆರಳು ಕೊನೆತನಕ
ಮಾತ್ರೆ ಎಣಿಸುವಾಗ ಹೊರಗೇ ನಿಲ್ಲುತ್ತಿತ್ತು.
ಹತ್ತು ನಿಮಿಷ ಗುಡುಗಿ ಆರಿಸುವರು.
"ನಾವು ಮಕ್ಕಳು ಒಳಗೆ ಕೂತು ಗಡಗಡ ಅಲ್ಲಾಡ್ತಿದ್ವಿ,
ಎದುರಿನ ಹಲಸಿನ ಮರ ಎದುರಿಗೇ ಇರೋದು."

ಐವತ್ತೊಂದು ದಿನ ಹಿಡಿಯಿತು.
ಗನ್‌ಮೆಟಲ್ ಬುಷ್ಷು ನಾಲ್ಕು, ಐದನೆಯದು ನನ್ನ ಅವಸರಕ್ಕೆ.
ನಟ್ಟು ಹೊಸದೇ ಕಡೆದೆ.

ಸಾಲಗಾಮೆ ರಸ್ತೆಯಲ್ಲಿ ಆಟೋಗಳು ಬದಿಗೆ ಸರಿದು
ಫೋನು ಹಿಡಿದವು. ಯಾರೋ ಶಿಳ್ಳೆ ಹೊಡೆದರು.
ಪುಟ್ಟತಾಯಮ್ಮನಿಗೆ ಅದೊಂದೂ ಇಲ್ಲ.
ಕಣ್ಣು ನೆಟ್ಟಿದ್ದು ರಸ್ತೆಬದಿಯ ಒಂದು ಮರದ ಮೇಲೆ.
ಮರ ಹತ್ತಿರ ಬಂತು, ದೊಡ್ಡದಾಯಿತು, ಹಿಂದಾಯಿತು.
"ಹೋಯ್ತು" ಅಂದರು.
ಇನ್ನೊಂದು ಬಂತು.
"ಅದೂ ಹೋಯ್ತು."

ಹಳೇ ನಟ್ಟು ನಿಮ್ಮಲ್ಲೇ ಇರಲಿ ಎಂದು ಬಿಟ್ಟುಹೋದರು.
ಬಿಲ್ಲುಗಳ ಮೇಲೆ ತೂಕಕ್ಕಿಟ್ಟಿದ್ದೇನೆ.
ನೆಟ್ಟಗೆ ಕೂರುವುದಿಲ್ಲ, ಫ್ಯಾನು ಹಾಕಿದರೆ
ಸವೆದ ಕಡೆಗೆ ತುಸು ವಾಲುತ್ತದೆ.
ಅಳೆದು ನೋಡಿದ್ದೇನೆ: ನಲವತ್ತು ಥೌ.