ನಲವತ್ತಕ್ಕೆ ಒಂದು

ಲೈಪ್‌ಜಿಗ್‌ನ ಆ ಹಿಂಬದಿಯ ಕೋಣೆಯಲ್ಲಿ
ಚಳಿಗಾಲವಿಡೀ ನನಗೊಂದೇ ಕೆಲಸ.
ಒಂದೇ ಅಳತೆಯ ಎರಡು ತಗಡಿನ ಡಬ್ಬಿ,
ಒಳಗೆ ಸೀಸದ ಚೂರು, ಮುಚ್ಚಳಕ್ಕೆ ಅರಗು,
ಎತ್ತುವವನ ಕಣ್ಣಿಗೆ ಕಪ್ಪು ಬಟ್ಟೆ.
"ಯಾವುದು ಭಾರ? ಮೊದಲನೆಯದೋ, ಎರಡನೆಯದೋ?"
ಉತ್ತರಕ್ಕೊಂದು ಗೀಟು.

ವಿದ್ಯಾರ್ಥಿಗಳು ಬರುತ್ತಿದ್ದರು, ಬೇಗ ಬೇಸತ್ತು
ಬಾಯಿಗೆ ಬಂದದ್ದು ಹೇಳುತ್ತಿದ್ದರು.
ಕೊನೆಗೆ ಸಿಕ್ಕವನು ಟ್ರೌಗಾಟ್ ಲೋಬೆಲ್,
ನಮ್ಮ ಮೂರು ಮಹಡಿಗೂ ಕಲ್ಲಿದ್ದಲು ಹೊರುವವನು,
ಗಂಟೆಗಿಷ್ಟು ಎಂದು ಕೂಲಿ ಕೊಟ್ಟರೆ
ಏನನ್ನೂ ಎತ್ತುವವನು.

ಎಂಥ ಕೈ ಅದು!
ಉಗುರ ಸಂದಿಗೆಲ್ಲ ಮಸಿ, ಅಂಗೈ ಒಣಗಿದ ತೊಗಲು.
ನಲವತ್ತು ಚೂರಿಗೆ ಒಂದು ಚೂರು ಸೇರಿಸಿದರೆ
ಹಿಡಿದ ಕೂಡಲೇ ಗೊತ್ತು.
ಅರ್ಧ ಸೇರಿಸಿದರೆ ತುಟಿ ಕಚ್ಚುವನು:
"ತಿಳೀತಿಲ್ಲ, ಸ್ವಾಮಿ."
ಎಂಬತ್ತು ಚೂರಿಗೆ ಒಂದು ಸಾಲದು, ಎರಡು ಬೇಕು.
"ಬರಿಗೈಯವನಿಗೆ ಹುಲ್ಲುಕಡ್ಡೀನೂ ಗೊತ್ತಾಗ್ತದೆ.
ಮೂಟೆ ಹೊತ್ತವನ ಮೇಲೆ ಗುಬ್ಬಿ ಕೂತರೆ
ಯಾರಿಗೆ ಗೊತ್ತು?" ಅಂದ ಒಂದು ದಿನ.
ಹಾಳೆಯ ಅಂಚಿನಲ್ಲಿ ಅದನ್ನು ಬರೆದುಕೊಂಡೆ,
ಆಮೇಲೆ ಅಳಿಸಿದೆ. ಅಂಚು ಅಂಕಿಗಳಿಗೆ ಮೀಸಲು.

ಚರ್ಮಕ್ಕೆ ಮುಟ್ಟಿದ್ದೆಲ್ಲ ಮನಸ್ಸಿಗೆ ಮುಟ್ಟುವುದಿಲ್ಲ.
ನಡುವೆ ಒಂದು ಗೆರೆ,
ನಾವದನ್ನು ಹೊಸ್ತಿಲು ಎನ್ನುತ್ತೇವೆ.
ಆಚೆ ಯಾರೋ ಬಂದು ನಿಂತಿರುತ್ತಾರೆ, ದಿನವೂ,
ಬಾಗಿಲು ತಟ್ಟುತ್ತಲೂ ಇರುತ್ತಾರೆ,
ಒಳಗೆ ಊಟ ನಡೆದಿರುತ್ತದೆ.

ಅವನ ಹೆಂಡತಿ ರೊಸೀನೆಗೆ ಎದೆಯ ಕಾಯಿಲೆ.
ಸೂರಿನ ಕೆಳಗಿನ ಕೋಣೆ, ಅರವತ್ತಾರು ಮೆಟ್ಟಿಲು.
ಮಧ್ಯಾಹ್ನದ ಬಿಸಿಲಿಗೆ ಅಂಗಳದಲ್ಲಿ ಕೂರಬೇಕು ಅವಳು.
"ದಿನಾ ನಾನೇ ಎತ್ತಿ ಇಳಿಸ್ತೀನಿ, ನಾನೇ ಏರಿಸ್ತೀನಿ.
ವೈದ್ಯರು ಏನೋ ಅಂತಾರೆ, ಅವಳು ಹಾಗೇ ಇದಾಳೆ.
ನನ್ನ ಕೈಗೆ ಗೊತ್ತಾಗಲ್ವಾ, ಸ್ವಾಮಿ?"
ಆಗತ್ತೆ, ಆಗತ್ತೆ, ಅಂದೆ.
ಆ ಕೈಯ ಮೇಲೆ ನಾನೊಂದು ಪ್ರಬಂಧ ಬರೆಯುತ್ತಿದ್ದೆ.

ಫೆಬ್ರವರಿಯಲ್ಲಿ ಮಂಜುಗಡ್ಡೆಯ ಮೇಲೆ ಜಾರಿ
ಪಾದ ಉಳುಕಿಸಿಕೊಂಡು ಮೂರು ವಾರ ಮಲಗಿದ.
ನೆರೆಮನೆಯ ಹುಡುಗ ಅವಳನ್ನು ಹೊತ್ತನಂತೆ.
ಕಾಲು ನೆಟ್ಟಗಾದ ದಿನ ಇವನೇ ಬಗ್ಗಿದ,
ಎಂದಿನಂತೆ ಉಸಿರು ಬಿಗಿಹಿಡಿದ, ಎತ್ತಿದ.
ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟ ಹಾಗೆ
ತೋಳು ಮೇಲಕ್ಕೆ ಹಾರಿತು.
"ಎಲ್ಲಿಗೆ ಎಸೀತೀಯೋ ನನ್ನ?" ಅಂತ ನಕ್ಕಳಂತೆ ರೊಸೀನೆ.
ಇವನು ನಗಲಿಲ್ಲ.
ಎಲ್ಲಿ ಹೋಯಿತು ಅಷ್ಟು ಹೆಂಗಸು?
ದಿನಕ್ಕೊಂದು ಚೂರು, ನಲವತ್ತಕ್ಕೆ ಒಂದಕ್ಕಿಂತ ಕಡಿಮೆ,
ಯಾವ ದಿನವೂ ನಿನ್ನೆಗಿಂತ ಹಗುರವಾಗದೆ.

ಮರುದಿನ ಬಂದ. ಬಟ್ಟೆ ತಾನೇ ಕಟ್ಟಿಕೊಂಡ.
ಡಬ್ಬಿಗಳನ್ನು ಅದಲುಬದಲು ಮಾಡಿದೆ,
ಒಂದೇ ಡಬ್ಬಿಯನ್ನು ಎರಡು ಸಲ ಕೊಟ್ಟೂ ನೋಡಿದೆ.
ಎಲ್ಲಕ್ಕೂ ಒಂದೇ ಮಾತು:
"ಎರಡನೆಯದು ಹಗುರ."
ನೂರು ಸಲ. ನೂರು ಗೀಟು ಎಳೆದೆ.
ನಿಯಮದ ಪ್ರಕಾರ ಆ ಹಾಳೆ ಲೆಕ್ಕಕ್ಕಿಲ್ಲ.

ಹೋಗುವಾಗ ಬಾಗಿಲಲ್ಲಿ ತಿರುಗಿ ಕೇಳಿದ:
"ದೊಡ್ಡ ತಕ್ಕಡಿ ಇದೆಯೇ, ಮನುಷ್ಯರು ಕೂರುವಂಥದ್ದು?"
ನಮ್ಮಲ್ಲಿದ್ದುದು ಗಾಜಿನ ಪೆಟ್ಟಿಗೆಯ ಪುಟ್ಟ ತಕ್ಕಡಿ,
ನೊಣದ ರೆಕ್ಕೆ ಬಿದ್ದರೂ ವಾಲುವಂಥದ್ದು.
ಇಲ್ಲ ಅಂದೆ.

ಬುಟ್ಟಿ ಹೊತ್ತು ಮೆಟ್ಟಿಲಿಳಿದ.
ಪೆನ್ಸಿಲು ಹಿಡಿದೇ ಕೇಳುತ್ತಾ ಕೂತೆ.
ಹೆಜ್ಜೆ ಕೇಳಿಸುತ್ತಿತ್ತು, ಇನ್ನೂ ಕೇಳಿಸುತ್ತಿತ್ತು,
ಆಮೇಲೆ ಕೇಳಿಸುತ್ತಿರಲಿಲ್ಲ.
ಯಾವ ಮೆಟ್ಟಿಲಿಗೆ ನಿಂತಿತೋ
ಗೀಟು ಹಾಕಲಾಗಲಿಲ್ಲ.